ರಟ್ಟಿನ ಮೀಟರ್

ಟ್ಯಾಂಕಿನ ಮೈಗೆ ರನೀಮ್ ಬೆರಳ ಗೆಣ್ಣಿನಿಂದ ಬಡಿದಳು. ಮೇಲ್ಗಡೆ ಟಣ್. ಸ್ವಲ್ಪ ಕೆಳಗೆ ಧಪ್. ಧಪ್ ಅಂದಲ್ಲಿಂದ ಕೆಳಗೆ ನೀರು.

"ಮುಕ್ಕಾಲು!" ಎಂದು ಕೂಗಿದಳು. ತಾರಸಿಯಲ್ಲಿ ಕೇಳುವವರು ಯಾರೂ ಇರಲಿಲ್ಲ.

ಮೆಟ್ಟಿಲಿಳಿದು ಎರಡನೇ ಮಹಡಿಗೆ ಓಡಿದಳು. ಅಲ್ಲಿ ಬಟ್ಟೆ ಹೊಲಿದುಕೊಂಡು ಒಬ್ಬರೇ ಇರುವ ಉಮ್ ನಿಜಾರ್ ಅವರ ಮನೆ. ಅವರ ಅಡುಗೆಮನೆಯ ಗೋಡೆಯಲ್ಲಿ ರನೀಮ್ ಮಾಡಿದ ನೀರಿನ ಮೀಟರ್ ನೇತಾಡುತ್ತಿತ್ತು. ಪಿಜ್ಜಾ ಡಬ್ಬಿಯ ಮುಚ್ಚಳ, ಕ್ರೇಯಾನಿನ ಗೆರೆಗಳು, ಐಸ್‌ಕ್ರೀಂ ಕಡ್ಡಿಯ ಮುಳ್ಳು. ತಂತಿಯಿಲ್ಲ, ಬ್ಯಾಟರಿಯಿಲ್ಲ. ಮುಳ್ಳು ತಿರುಗಿಸುವ ಯಂತ್ರವೆಂದರೆ ರನೀಮಳೇ.

ಅಮ್ಮಾನ್ ನಗರದ ಈ ಗುಡ್ಡಕ್ಕೆ ನೀರು ಬಿಡುವುದು ವಾರಕ್ಕೊಂದೇ ದಿನ. ಟ್ಯಾಂಕು ತುಂಬಿಕೊಂಡಷ್ಟೇ ಭಾಗ್ಯ. ಆಚೆ ಗುಡ್ಡದವರಿಗೆ ಈಜುಕೊಳಗಳಿವೆ. ಅವರಿಗೆ ಇಂಥ ಮೀಟರ್ ಯಾಕೆ ಬೇಕು?

"ಮೊದಲು ಕೆಲಸ ಮಾಡದ ಮಾದರಿ ಮಾಡಿ, ಒಂದು ಮನೆಗೆ ಕೊಡಿ," ಎಂದಿದ್ದರು ಸೈನ್ಸ್ ಮಿಸ್. "ಚೆನ್ನಾಗಿದೆಯಾ ಅಂತ ಕೇಳ್ಬೇಡಿ. ಅವರು ಏನು ಮಾಡ್ತಾರೆ ನೋಡಿ, ಬರ್ಕೊಳ್ಳಿ."

"ಇದಕ್ಕೆ ಚಾರ್ಜರ್ ಎಲ್ಲಿ ಚುಚ್ತೀಯೇ, ಇರ್ಬಿದ್ ರಾಣಿ?" ಎಂದು ಕ್ಲಾಸಿನ ಹುಡುಗಿಯರು ನಕ್ಕಿದ್ದರು. ಇರ್ಬಿದ್‌ನಿಂದ ಬಂದು ಎರಡು ತಿಂಗಳಾದರೂ ರನೀಮ್‌ಗೆ ಇದ್ದದ್ದು ಆ ಹೆಸರೊಂದೇ. ಮಾದರಿ ಪಾಸಾದರೆ ಸೈನ್ಸ್ ಕ್ಲಬ್‌ನಲ್ಲಿ ಜಾಗ. ಆಗ ಬಿಡುವಿನಲ್ಲಿ ಒಬ್ಬಳೇ ಗೋಡೆಗೆ ಒರಗಿ ನಿಲ್ಲಬೇಕಿಲ್ಲ.

"ಖಾಲ್ತೊ, ಇವತ್ತೂ ಮುಕ್ಕಾಲು!" ಎನ್ನುತ್ತ ರನೀಮ್ ಮುಳ್ಳನ್ನು ಸರಿಮಾಡಿದಳು. ಉಮ್ ನಿಜಾರ್ ಅವಳಿಗೆ ಖಾಲ್ತೊ, ಅಂದರೆ ಚಿಕ್ಕಮ್ಮ.

"ಬಂತಲ್ಲ ನಮ್ಮ ನೀರಿನ ಇಲಾಖೆ!" ಉಮ್ ನಿಜಾರ್ ನಕ್ಕರು. "ಕೂತ್ಕೋ. ಟೀ ಆರ್ತಿದೆ. ನಿಮ್ಮಮ್ಮ ಬರೋದು ಇನ್ನೂ ತಡ ಅಲ್ವಾ?"

ಅಮ್ಮ ಗಾರ್ಮೆಂಟ್ ಫ್ಯಾಕ್ಟರಿಯಿಂದ ಬರುವಾಗ ಕತ್ತಲಾಗುತ್ತಿತ್ತು. ರನೀಮ್ ಟೀ ಕುಡಿದಳು. ಲೋಟ ತೊಳೆಯಲು ನಲ್ಲಿ ತಿರುಗಿಸಿದಳು. ನಲ್ಲಿ ಗೊರ್ ಎಂದು ಉಸಿರುಬಿಟ್ಟಿತು, ಅಷ್ಟೇ. ಕೆಳಗೆ ನೀರಿನ ಕ್ಯಾನ್‌ಗಳು ಸಾಲಾಗಿ ನಿಂತಿದ್ದವು.

ಗೋಡೆಯ ಮುಳ್ಳು ಮಾತ್ರ ಮುಕ್ಕಾಲಿನಲ್ಲಿತ್ತು.

ಅವಳು ಮತ್ತೆ ತಾರಸಿಗೆ ಓಡಿದಳು. ದಿನಾ ಬಡಿಯುತ್ತಿದ್ದ ಟ್ಯಾಂಕಿನ ಪೈಪನ್ನು ಕೈಯಿಂದ ಸವರುತ್ತಾ ಹೋದಳು. ಅದು ನೇರ ಮನೆ ಮಾಲೀಕರ ಮಹಡಿಗೆ ಇಳಿದಿತ್ತು. ಪಕ್ಕದ ಮೂರು ದೊಡ್ಡ ಟ್ಯಾಂಕುಗಳೂ ಅವರವೇ. ನಾಲ್ಕರ ಹಿಂದೆ ತುಕ್ಕು ಹಿಡಿದ ಗಿಡ್ಡ ಟ್ಯಾಂಕೊಂದಿತ್ತು. ಅದರ ಪೈಪು ಉಮ್ ನಿಜಾರ್ ಅಡುಗೆಮನೆಗೆ. ಬಡಿದಳು. ಟಣ್. ಬುಡದಲ್ಲೂ ಟಣ್.

ಆರು ದಿನ ಮುಳ್ಳು ಇಳಿಯದಿದ್ದಾಗ, ಖಾಲ್ತೊ ನೀರನ್ನು ತುಪ್ಪದ ಹಾಗೆ ಬಳಸುತ್ತಾರೆ ಎಂದುಕೊಂಡಿದ್ದಳಲ್ಲ! ನಾಳೆ ಮಿಸ್‌ಗೆ ಏನು ತೋರಿಸುವುದು?

ಕೆಳಗೆ ಬಂದವಳು ಬಾಗಿಲಲ್ಲೇ ನಿಂತಳು. "ಖಾಲ್ತೊ, ನಾನು ಬಡೀತಿದ್ದದ್ದು ಮಾಲೀಕರ ಟ್ಯಾಂಕು. ನಿಮ್ಮದು ಖಾಲಿ."

"ಗೊತ್ತು ಮಗಳೇ."

"ಯಾವಾಗಿಂದ?"

"ಮೂರನೇ ದಿನದಿಂದ. ನಾಲ್ಕು ಟ್ಯಾಂಕು ಅವರೇ ತುಂಬ್ಕೊಂಡ್ರೆ ನಮಗೆ ಉಳಿಯೋದು ಇಷ್ಟೇ. ರಟ್ಟಿನ ಮೇಲಾದ್ರೂ ಮುಕ್ಕಾಲು ಇರ್ಲಿ ಬಿಡು."

"ಹೇಳ್ಬೇಕಿತ್ತು! ನಾಳೆ ಬರ್ಕೊಂಡು ಹೋಗ್ಬೇಕು. ನನ್ನ ಪರೀಕ್ಷೆಯೆಲ್ಲ ಸುಳ್ಳಾಯ್ತು!"

"ಹೇಳಿದ್ರೆ ನೀನು ಬೇರೆ ಮನೆಗೆ ಅದನ್ನ..." ಉಮ್ ನಿಜಾರ್ ಸೂಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ದಾರ ಪೋಣಿಸತೊಡಗಿದರು. ದಾರ ಜಾರಿತು. ಇನ್ನೊಮ್ಮೆ ಜಾರಿತು.

ರನೀಮ್ ಅವರ ಮುಖ ನೋಡಿದಳು. ಆರು ದಿನ ಬಂದಿದ್ದಳು. ಇಷ್ಟು ಹೊತ್ತು ಆ ಮುಖ ನೋಡಿದ್ದು ಇವತ್ತೇ.

ನೋಟ್‌ಬುಕ್ ತೆಗೆದು ಬರೆದಳು: 'ತಪ್ಪು ಟ್ಯಾಂಕು. ಅವರು ಮುಳ್ಳನ್ನು ನೋಡುತ್ತಿರಲಿಲ್ಲ.' ಯಾರಿಗಾಗಿ ಕಾಯುತ್ತಿದ್ದರೆಂಬುದನ್ನು ಬರೆಯಲಿಲ್ಲ. ಅದು ಮಿಸ್‌ಗೆ ಹೇಳುವಂಥದ್ದಲ್ಲ ಅನ್ನಿಸಿತು.

"ಕೊಡಿ ಖಾಲ್ತೊ, ನಾನು ಪೋಣಿಸ್ತೀನಿ," ಎಂದು ಪಕ್ಕದಲ್ಲಿ ಕುಳಿತಳು.

ದಾರ ಮೊದಲ ಸಲಕ್ಕೇ ಒಳಗೆ ಹೋಯಿತು. ಆದರೆ ರನೀಮ್ ಹಾಗೆಂದು ಹೇಳಲಿಲ್ಲ. ಸೂಜಿಯನ್ನು ಬೆಳಕಿಗೆ ಹಿಡಿದುಕೊಂಡು ಕೂತೇ ಇದ್ದಳು.