ಮಹಡಿಯಿಂದ ಕಂಡ ಎರಡು ನಳಿಗೆ

ಭಾನುವಾರ ಬೆಳಿಗ್ಗೆ ಎಂಟಕ್ಕೆ ಕೊಪ್ಪದ ಗುರಿಕಾರರ ಸಂಘದ ಕಪಾಟು ತೆಗೆದರು. ಒಳಗೆ ಹೊಸ ಕೋವಿ ಇರಲಿಲ್ಲ!

ಬೀಗ ಮುರಿದಿರಲಿಲ್ಲ. ಶೃಂಗೇರಿಯವರ ಜೊತೆ ಸ್ಪರ್ಧೆ ಹತ್ತು ಗಂಟೆಗೆ. ಒಂಬತ್ತಕ್ಕೆಲ್ಲ ಸಬ್ ಇನ್‌ಸ್ಪೆಕ್ಟರ್ ಮಂಜಯ್ಯ ಕಳ್ಳನನ್ನು ಹಿಡಿದು ತಂದೂ ಆಗಿತ್ತು— ಬಸ್ ಸ್ಟ್ಯಾಂಡಿನ ಹಿಂದೆ ಕೋವಿ ರಿಪೇರಿ ಮಾಡುವ ನಜೀರ್ ಸಾಬರು. ಮೂವತ್ತು ವರ್ಷದ ಕಸುಬು. ಕೇಸು ಬಿದ್ದರೆ ಮೊದಲು ಲೈಸೆನ್ಸು ಹೋಗುತ್ತದೆ, ಆಮೇಲೆ ಮನೆಯವರ ಅನ್ನ. ಅವರು ಗೋಡೆಗೆ ಒರಗಿ ನಿಂತಿದ್ದರು. ಕೂತುಕೊಳ್ಳಿ ಎಂದು ಯಾರೂ ಹೇಳಿರಲಿಲ್ಲ.

ಕಳೆದ ಕೋವಿಯ ವಿವರ ಬರೆದುಕೊಳ್ಳಲು ತಾಲ್ಲೂಕು ಕಚೇರಿಯ ಗುಮಾಸ್ತೆ ತ್ರಿಪುರಸುಂದರಿಯನ್ನು ರಜೆಯ ದಿನವೂ ಬಿಡದೆ ಕರೆಸಿದ್ದರು. ತಾಲ್ಲೂಕಿನ ಅಷ್ಟೂ ಕೋವಿಗಳು ವರ್ಷಕ್ಕೊಮ್ಮೆ ತಪಾಸಣೆಗೆ ಅವಳ ಮೇಜಿನ ಮೇಲೆ ಬರುತ್ತಿದ್ದವು. ಅವುಗಳ ಯಜಮಾನರ ಮೇಲೆ ಅವಳಿಗೆ ಎಳ್ಳಷ್ಟೂ ಗೌರವವಿರಲಿಲ್ಲ. ಹಂದಿ ಹೊಡೆದೆ, ಕಾಟಿ ಹೊಡೆದೆ ಎಂದು ಮೀಸೆ ತಿರುವುವವರ ನಳಿಗೆಯೊಳಗೆ ಕಣಜ ಮಣ್ಣಿನ ಗೂಡು ಕಟ್ಟಿದ್ದನ್ನು ಅವಳು ಕಂಡವಳು.

"ಅಮ್ಮಾ, ನಂಬರ್ ಬರ್ಕೊಂಡು ಹೊರಡಿ. ಕೋವಿ ವಿಷಯ ಗಂಡಸ್ರು ನಾವು ನೋಡ್ಕೊಳ್ತೇವೆ," ಎಂದರು ಅಧ್ಯಕ್ಷ ಗಜಾನನ.

"ನೋಡ್ಕೊಂಡಿದ್ದು ಕಾಣ್ತಾ ಇದೆ," ಎಂದಳು ಅವಳು, ಖಾಲಿ ಕಪಾಟಿನತ್ತ ನೋಡಿ. "ಬೀಗದ ಕೈ ಎಷ್ಟಿದೆ?"

"ಮೂರು. ನಂದೊಂದು, ಕಾರ್ಯದರ್ಶಿ ಸುಬ್ರಾಯರದ್ದೊಂದು, ಎಣ್ಣೆ ಹಾಕೋಕೆ ಅಂತ ನಜೀರಂಗೊಂದು."

"ನಿನ್ನೆ ನೀವೆಲ್ಲಿದ್ರಿ?"

"ನರಸಿಂಹರಾಜಪುರದಲ್ಲಿ, ಷಡ್ಡಕನ ಮನೆ ಉಪನಯನ. ಇನ್‌ಸ್ಪೆಕ್ಟರೂ ಊಟಕ್ಕೆ ಬಂದಿದ್ರು."

"ಹೋಳಿಗೆ ಚೆನ್ನಾಗಿತ್ತು," ಎಂದು ಮಂಜಯ್ಯ ಸಾಕ್ಷಿ ನುಡಿದ.

ಆ ಕೋವಿ ಆರಿಸುವುದಕ್ಕೆ ಸಂಘದಲ್ಲಿ ಮೂರು ಸಭೆ ನಡೆದಿತ್ತು. ಹಾರುವ ಮಣ್ಣಿನ ಬಿಲ್ಲೆ ಹೊಡೆಯಲು ಎಂಥ ಕೋವಿ ಬೇಕು? ಊರಿಗೆ ಗೊತ್ತಿದ್ದ ಜೋಡುನಳಿಗೆಯಲ್ಲಿ ನಳಿಗೆಗಳು ಅಕ್ಕಪಕ್ಕ. ತಮ್ಮ ಅಪ್ಪನ ಕಾಲದ ಅಂಥದ್ದೇ ಕೋವಿ ಸಾಕೆಂದು ಸುಬ್ರಾಯರ ಹಟ. ಡೀಲರು ತೋರಿಸಿದ್ದರಲ್ಲಿ ನಳಿಗೆ ಒಂದರ ಮೇಲೊಂದು. "ಇದೆಂತ ಕೋವಿಯಾ, ಉಪ್ಪರಿಗೆ ಮನೆಯಾ?" ಎಂದು ಸುಬ್ರಾಯರು ನಕ್ಕಿದ್ದರು. ಕೊನೆಗೆ ನಜೀರರನ್ನು ಕರೆಸಿ ಕೇಳಿದರು. "ಇದನ್ನೇ ತಗೊಳ್ಳಿ. ಬಿಲ್ಲೆ ಹಾರುವಾಗ ಕಣ್ಣಿನ ಮುಂದೆ ಒಂದೇ ನಳಿಗೆ ಇರ್ಬೇಕು," ಎಂದಿದ್ದರು ಅವರು. ಅದೇ ಖಾಯಮಾಯಿತು. ಠರಾವಿನ ನಕಲು ಲೈಸೆನ್ಸು ಅರ್ಜಿಯ ಜೊತೆ ತ್ರಿಪುರಸುಂದರಿಯ ಮೇಜಿಗೂ ಬಂದಿತ್ತು. ದೊಡ್ಡ ಮನುಷ್ಯರ ಸಭೆಯಲ್ಲಿ ಬುದ್ಧಿಯ ಮಾತು ಅದೊಂದೇ ಇದ್ದದ್ದು ಎಂದು ಅವಳಿಗೆ ಅನ್ನಿಸಿತ್ತು.

"ನಜೀರ್ ಸಾಬ್ರೇ ಕದ್ದದ್ದು ಅಂತ ಹೇಳಿದ್ಯಾರು?"

"ನಾನು," ಎಂದರು ಸುಬ್ರಾಯರು, ಸಾಕ್ಷಿ ಹೇಳುವುದೂ ಒಂದು ಪದವಿ ಎಂಬಂತೆ. "ಎದುರಿನ ಮನೆ ನಂದೇ. ನಿನ್ನೆ ನಾಲ್ಕು ಗಂಟೆಗೆ ಮಹಡಿ ಮೇಲೆ ಕಟಾಂಜನ ಹಿಡ್ಕೊಂಡು ನಿಂತಿದ್ದೆ. ಇವ ಓಣೀಲಿ ಕೋವಿ ತಗೊಂಡು ಹೋದ."

"ನಾ ನಿನ್ನೆ ಮಧ್ಯಾಹ್ನ ಜಯಪುರಕ್ಕೆ ಹೋದವ್ನು ಬಂದಿದ್ದೇ ಏಳು ಗಂಟೆಗೆ," ಎಂದರು ನಜೀರ್.

"ನೀ ಸುಮ್ನಿರು!" ಮಂಜಯ್ಯ ಗದರಿದ.

ತ್ರಿಪುರಸುಂದರಿ ಸುಬ್ರಾಯರ ಕಡೆಯೇ ನೋಡುತ್ತಿದ್ದಳು. "ದೂರದಿಂದ ಬರುವಾಗ ಕಂಡ್ರಾ?"

"ದೂರ ಎಲ್ಲಿಂದ? ನನ್ನ ಕಾಲ ಕೆಳಗೇ! ಎಲೆಯಡಿಕೆ ಉಗಿದಿದ್ರೆ ಅವ್ನ ಟೋಪಿ ಮೇಲೆ ಬೀಳ್ತಿತ್ತು."

"ಕೋವಿ ಹೇಗೆ ಹಿಡ್ಕೊಂಡಿದ್ರು?"

"ಒಂದು ಕೈಯಲ್ಲಿ. ನಳಿಗೆ ಮುಂದಕ್ಕೆ, ಕೋಲು ಹಿಡಿದ ಹಾಗೆ ನೆಟ್ಟಗೆ."

"ಟ್ರಿಗರ್ ಪಕ್ಕಕ್ಕಿತ್ತಾ, ಕೆಳಗಿತ್ತಾ?"

ಸುಬ್ರಾಯರು ಸುತ್ತ ಕೂತಿದ್ದ ಸಂಘದ ಸದಸ್ಯರತ್ತ ತಿರುಗಿ ನಕ್ಕರು. "ಕೆಳಗೆ ಮಾರಾಯ್ತಿ! ಕೋವಿ ಗೊತ್ತಿದ್ದವ ಮತ್ತೆ ಹೇಗೆ ಹಿಡೀತಾನೆ?"

"ರಿಪೇರಿಯವರ ಕೈಲಿ ದಿನಾ ಯಾರದ್ದಾದ್ರೂ ಕೋವಿ ಇರತ್ತೆ. ಅದು ಸಂಘದ್ದೇ ಅಂತ ಹೇಗೆ ಗೊತ್ತಾಯ್ತು?"

"ಮೇಲೊಂದು ನಳಿಗೆ, ಕೆಳಗೊಂದು ನಳಿಗೆ! ಎರಡೂ ಕಣ್ಣಾರೆ ಕಂಡೆ. ತಾಲ್ಲೂಕಿನಲ್ಲಿ ಅಂಥದ್ದು ಬೇರೆ ಇದೆಯಾ?"

"ಇಲ್ಲ," ಎಂದಳು ತ್ರಿಪುರಸುಂದರಿ. "ಇದಿಷ್ಟೂ ಬರ್ಕೊಳ್ಳಿ, ಇನ್‌ಸ್ಪೆಕ್ಟರೇ."

ಮಂಜಯ್ಯ ಬರೆದುಕೊಂಡ. ಸುಬ್ರಾಯರು ಠೀವಿಯಿಂದ ಸಹಿಯನ್ನೂ ಹಾಕಿದರು. ಆಗ ಅವಳು ಚೀಲದಿಂದ ಎರಡು ಪೆನ್ಸಿಲು ತೆಗೆದು ಒಂದರ ಮೇಲೊಂದು ಜೋಡಿಸಿ, ಬೆರಳಲ್ಲಿ ಒತ್ತಿ ಮೇಜಿನ ಮೇಲೆ ಹಿಡಿದಳು.

"ಬಗ್ಗಿ, ನೇರ ಮೇಲಿಂದ ನೋಡಿ ಸುಬ್ರಾಯರೇ. ಎಷ್ಟು ಕಾಣತ್ತೆ?"

ಅವರು ಬಗ್ಗಿದರು.

ಮಂಜಯ್ಯ ತಾನೂ ಇಣುಕಿದ. "ಒಂದೇ!"

"ಟ್ರಿಗರ್ ಕೆಳಗಾಗಿ ಹಿಡಿದು ಕಟಾಂಜನದ ಕೆಳಗೇ ಹೋದ್ರೆ ಕೋವಿಯ ಕೆಳಗಿನ ನಳಿಗೆ ಯಾವ ಕಣ್ಣಿಗೂ ಕಾಣಲ್ಲ. ಸಂಘದ್ದೇ ಅಂತ ನಂಬಿಸೋಕೆ ಇವರಿಗೊಂದು ಗುರುತು ಬೇಕಿತ್ತು, ಹೇಳಿಬಿಟ್ರು. ನೋಡಿದ್ದಲ್ಲ, ಕಟ್ಟಿದ ಕತೆ. ಮೇಲಿಂದ ನೋಡಿದ್ರೆ ಒಂದೇ ನಳಿಗೆ ಕಾಣತ್ತೆ ಅಂತಲೇ ಅಲ್ವಾ ಈ ಕೋವಿ ಆರಿಸಿದ್ದು? ಮೂರು ಸಭೇಲಿ ಕೂತು ಕಾಫಿ ಕುಡಿದ್ರಿ, ಆ ಒಂದು ಮಾತು ಕಿವಿಗೆ ಬೀಳಲಿಲ್ಲ ನಿಮಗೆ. ಅಧ್ಯಕ್ಷರು ಊರಲ್ಲಿರಲಿಲ್ಲ. ಉಳಿದದ್ದು ಎರಡು ಬೀಗದ ಕೈ. ಅದರಲ್ಲಿ ಒಬ್ಬರು ಇನ್ನೊಬ್ಬರ ಮೇಲೆ ಸುಳ್ಳು ಸಾಕ್ಷಿ ಹೇಳಿದ್ದಾರೆ. ಯಾಕೆ? ಕೋವಿ ಎಲ್ಲಿದೆ ಅಂತ ಗೊತ್ತಿದ್ದವರಿಗೇ ಕಳ್ಳ ಬೇಕಾಗೋದು. ಇವರ ಮನೆ ನೋಡಿ."

ಕಾನ್‌ಸ್ಟೇಬಲ್ ಹೋದವನು ಕಾಲು ಗಂಟೆಯಲ್ಲಿ ತಿರುಗಿ ಬಂದ. ಕೋವಿ ಸುಬ್ರಾಯರ ಮಹಡಿಯ ಜಮಖಾನದ ಸುರುಳಿಯೊಳಗಿತ್ತು.

"ಸ್ಪರ್ಧೆ ಮುಗಿದ ಮೇಲೆ ವಾಪಸ್ ಇಡೋಣ ಅಂತಲೇ..." ಸುಬ್ರಾಯರು ತೊದಲಿದರು. "ಅಪ್ಪನ ಕೋವೀಲಿ ಗೆದ್ದು ತೋರಿಸ್ಬೇಕಿತ್ತು. ಒಬ್ಬ ರಿಪೇರಿಯವನ ಮಾತಿಗೆ ನನ್ನ ಮಾತು ಬಿದ್ದುಹೋಯ್ತಲ್ಲ!"

ಅಷ್ಟಕ್ಕೆ ಒಂದು ಸಂಸಾರವನ್ನು ಬೀದಿಗೆ ತಳ್ಳಲು ಹೊರಟಿದ್ದ. ತ್ರಿಪುರಸುಂದರಿಗೆ ಸಿಟ್ಟಿಗಿಂತ ಹೇಸಿಗೆಯೇ ಹೆಚ್ಚಾಯಿತು. ಪೆನ್ಸಿಲುಗಳನ್ನು ಚೀಲಕ್ಕೆ ಹಾಕಿಕೊಂಡಳು.

ಮಂಜಯ್ಯ ಸುಬ್ರಾಯರನ್ನೂ ಹೊಸ ಕೋವಿಯನ್ನೂ ಠಾಣೆಗೆ ಒಯ್ದ. ಗಜಾನನರು ಗಡಿಯಾರ ನೋಡಿ ನಜೀರರ ಭುಜ ತಟ್ಟಿದರು.

"ಮನಸ್ಸಿಗೆ ಹಚ್ಕೋಬೇಡ ಮಾರಾಯ. ಶೃಂಗೇರಿಯವರು ಬಂದೇ ಬಿಟ್ರು. ನಮ್ಮ ಹಳೇ ಕೋವಿಗಳನ್ನಾದ್ರೂ ಸ್ವಲ್ಪ ಬಿಚ್ಚಿ ಒರೆಸಿಕೊಡು."

ನಜೀರ್ ಭುಜದ ಮೇಲಿನ ಕೈಯನ್ನು ಮೆಲ್ಲಗೆ ಕೆಳಗಿಳಿಸಿದರು.

"ಬೆಳಿಗ್ಗೆ ಇದು ಕಳ್ಳನ ಕೈ ಆಗಿತ್ತಲ್ಲ ಸ್ವಾಮಿ. ಶುದ್ಧವಾದ ಕೈ ನಿಮ್ದೇ ಇದೆ, ನೀವೇ ಒರೆಸ್ಕೊಳ್ಳಿ. ಇವತ್ತಿಗೆ ಅಷ್ಟೇ ಅಲ್ಲ, ಇನ್ನು ಮೇಲೂ."

ಚಪ್ಪಲಿ ಮೆಟ್ಟಿ ಅವರು ಹೊರಟುಹೋದರು. ಸಂಘದ ಹದಿನಾಲ್ಕು ಗುರಿಕಾರರು ಕೋವಿಗಳನ್ನು ಮಡಿಲಲ್ಲಿಟ್ಟುಕೊಂಡು ಒಬ್ಬರ ಮುಖ ಒಬ್ಬರು ನೋಡಿದರು. ಬಿಚ್ಚುವುದು ಎಲ್ಲಿಂದ ಎಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ.