ಉತ್ತರದ ನಿಲ್ದಾಣದ ಟಿಕೆಟ್

"ನನ್ನ ಗಂಡನ ಮುಖ ಕೊನೇ ಸಲ ನೋಡದ ಹಾಗೆ ಮಾಡ್ದೋನು ನೀನು," ಎಂದು ಬೇಕರಿಯಕ್ಕ ಕೈಚೀಲವನ್ನು ಮೇಜಿನ ಮೇಲೆ ಕುಕ್ಕಿದಾಗ ಟಿಕೆಟ್ಟಿನವನು ಕುರ್ಚಿಯಿಂದ ಎದ್ದು ನಿಂತ. ವಿಮಾನದ ಟಿಕೆಟ್ ಮಾಡಿಕೊಡುವ ಆ ಇಕ್ಕಟ್ಟಿನ ಅಂಗಡಿಯಲ್ಲಿ ಬೈಸಿಕೊಳ್ಳುವುದು ಅವನಿಗೆ ಹೊಸತಲ್ಲ. ಪೆಟ್ಟಿಗೆ ಕಳೆದರೂ ಅವನದೇ ತಪ್ಪು, ಆಕಾಶದಲ್ಲಿ ಮಂಜು ಕವಿದರೂ ಅವನದೇ ತಪ್ಪು. ಆದರೆ ಎದುರುಸಾಲಿನ ಬೇಕರಿಯ ಈ ಹೆಂಗಸು ಅವನೊಂದಿಗೆ ಎಂದೂ ದನಿ ಏರಿಸಿದವಳಲ್ಲ.

ಅವಳ ಗಂಡ ಅಟ್ಲಾಂಟಿಕ್ ಸಾಗರದ ಆಚೆ ದಡದ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದ. ಸರಕು ಜಾರಿ ಮೈಮೇಲೆ ಬಿದ್ದು ಆಸ್ಪತ್ರೆ ಸೇರಿದ. ಕೂಡಲೇ ಹೊರಟು ಬನ್ನಿ ಎಂದು ಕರೆ ಬಂತು. ನೇರ ವಿಮಾನವಿಲ್ಲ, ಸಾಗರ ದಾಟುವ ಮುಂಚೆ ನಡುವೆ ಒಂದು ಕಡೆ ಇಳಿದು ಬೇರೆ ವಿಮಾನ ಹತ್ತಬೇಕು. ಟಿಕೆಟ್ಟಿನವನೂ ಅವಳೂ ಕೂತು ಯೋಚಿಸಿ ದಕ್ಷಿಣದ ನಿಲ್ದಾಣವನ್ನು ಆರಿಸಿದ್ದರು. ಅಲ್ಲಿ ಒಂದೇ ಸೂರಿನಡಿ ಕೆಲಸ ಮುಗಿಯುತ್ತದೆ, ಪೆಟ್ಟಿಗೆ ತಾನಾಗಿ ಮುಂದೆ ಹೋಗುತ್ತದೆ. ಉತ್ತರದ ನಿಲ್ದಾಣವಾದರೆ ಎರಡು ಬೇರೆ ಬೇರೆ ಟಿಕೆಟ್. ಪೆಟ್ಟಿಗೆ ಇಳಿಸಿಕೊಂಡು ಹೊರಗೆ ಹೋಗಿ ಮತ್ತೆ ಒಳಗೆ ಬರಬೇಕು, ಅದಕ್ಕೆ ಆ ದೇಶದ ಅನುಮತಿ ಬೇಕು.

ಆದರೂ ಅವಳ ಕೈಗೆ ಬಂದದ್ದು ಉತ್ತರದ ಟಿಕೆಟ್. ಇಲ್ಲಿ ಹತ್ತಿಸಿದವರು ಸರಿಯಾಗಿ ನೋಡದೆ ಬಿಟ್ಟರು, ಅಲ್ಲಿ ಇಳಿಸಿಕೊಂಡವರು ಬಿಡಲಿಲ್ಲ. ಮೂರು ದಿನ ಕೂರಿಸಿ ವಾಪಸು ಕಳಿಸಿದರು. ಮನೆಯ ಬಾಗಿಲಲ್ಲೇ ಅತ್ತೆ ಎದುರಾಗಿ, ಅವನು ಹಿಂದಿನ ದಿನ ಹೋಗಿಬಿಟ್ಟನೆಂದು ಹೇಳಿದ್ದಳು.

"ಅಕ್ಕಾ, ನೀವೇ ಫೋನ್ ಮಾಡಿ ಬದಲಾಯಿಸು ಅಂದ್ರಲ್ಲ! ಬೇಕರಿ ನಂಬರಿಂದಾನೇ ಬಂತು. ಅನುಮತಿ ಬೇಕಾಗುತ್ತೆ ಅಂತ ಬಡ್ಕೊಂಡೆ. ಅದೆಲ್ಲ ಆಗಿದೆ, ನೀನು ಮಾಡು ಅಂದ್ರಿ."

"ನಾನು ಮಾಡೇ ಇಲ್ಲ. ಟಿಕೆಟ್ ನೋಡ್ದಾಗ ನೀನೇ ಏನೋ ಯೋಚನೆ ಮಾಡಿ ಬದಲಾಯಿಸಿರ್ತೀಯ ಅಂದ್ಕೊಂಡೆ. ನಿನ್ನ ನಂಬಿದ್ದಕ್ಕೆ ಚೆನ್ನಾಗಿ ಮಾಡ್ದೆ!"

ಅಷ್ಟರಲ್ಲಿ ಮೆಟ್ಟಿಲು ಕಿರುಗುಟ್ಟಿತು. ಮಹಡಿಯ ಮೇಲೆ ವಾಸವಿದ್ದ ದೊಡ್ಡಮ್ಮ ಇಳಿದು ಬಂದಳು. ಅವನ ತಾಯಿಯ ಅಕ್ಕ. ವಿಮಾ ಕಂಪನಿಯೊಂದರಲ್ಲಿ ಜನರ ಸುಳ್ಳುಗಳನ್ನು ಹೆಕ್ಕಿ ತೆಗೆಯುತ್ತಲೇ ತಲೆ ನರೆಸಿಕೊಂಡವಳು. ನಿವೃತ್ತಿಯಾದ ಮೇಲೂ ಆ ಚಟ ಬಿಟ್ಟಿರಲಿಲ್ಲ. ಬೀದಿಯಲ್ಲಿ ಏನೇ ತಕರಾರಾದರೂ ಜನ ಅವಳ ಬಾಗಿಲು ಬಡಿಯುತ್ತಿದ್ದರು, ಅವಳ ಹಿಂದೆ ಬಾಲದ ಹಾಗೆ ಟಿಕೆಟ್ಟಿನವನೂ ಹೋಗುತ್ತಿದ್ದ.

"ಫೋನಲ್ಲಿ ದನಿ ಯಾರ್ದು ಅಂತ ಗೊತ್ತಾಗ್ಲಿಲ್ವೇನೋ?" ಎಂದು ಕೇಳಿದಳು.

"ಹಿಟ್ಟು ಕಲಸೋ ಯಂತ್ರದ ಸದ್ದು ದೊಡ್ಡಮ್ಮ. ಗಂಡೋ ಹೆಣ್ಣೋ ಅನ್ನೋದೇ ತಿಳೀಲಿಲ್ಲ. ಮೊಣಕಾಲು ಮಡಚಿ ಕೂರೋಕಾಗಲ್ಲ, ನಡುದಾರಿ ಪಕ್ಕದ ಸೀಟು ಕೊಡು ಅಂದ್ರು. ಅಕ್ಕನೇ ಅಂದ್ಕೊಂಡೆ."

ಬೇಕರಿಯಕ್ಕ ತನಗರಿವಿಲ್ಲದೆ ಮೊಣಕಾಲು ಮುಟ್ಟಿಕೊಂಡಳು. ದೊಡ್ಡಮ್ಮ ಅವಳ ಅಪ್ಪಣೆ ಕೇಳಿ ಕೈಚೀಲ ಬಿಚ್ಚಿದಳು. ದಪ್ಪನೆಯ ಉಣ್ಣೆ ಶಾಲು, ಟವೆಲು, ಸೋಪು, ಬದಲಿ ಬಟ್ಟೆ, ರಸ್ಕಿನ ದೊಡ್ಡ ಪೊಟ್ಟಣ, ಬಿ.ಪಿ. ಮಾತ್ರೆಯ ಪಟ್ಟಿಗಳು ಒಂದರ ಮೇಲೊಂದು ಹೊರಬಂದವು.

"ಇದನ್ನ ತುಂಬಿದ್ದು ಯಾರಮ್ಮ?"

"ನಾನು ಪೆಟ್ಟಿಗೆ ತುಂಬಿದ್ದೆ. ಕೈಚೀಲ ಸಿದ್ಧವಾಗಿ ಬಾಗಿಲ ಹತ್ರ ಇತ್ತು. ಆ ಗಡಿಬಿಡೀಲಿ ಯಾರು ಏನು ಅಂತ ನೋಡೋ ಸ್ಥಿತೀಲಿ ನಾನಿರಲಿಲ್ಲ."

ಮಧ್ಯಾಹ್ನ ದೊಡ್ಡಮ್ಮ ಬೇಕರಿಗೆ ಹೋದಳು, ಹಿಂದೆ ಟಿಕೆಟ್ಟಿನವನೂ. ಒಲೆಯ ಬಳಿ ಬೇಕರಿಯಕ್ಕನ ಮೈದುನ, ಗಲ್ಲಾದ ಬಳಿ ಫೋನಿನ ಪಕ್ಕ ಅತ್ತೆ. ಮೈದುನ ಅಣ್ಣನೊಂದಿಗೆ ಮಾತು ಬಿಟ್ಟು ವರ್ಷಗಳಾಗಿದ್ದವು, ಇದು ಬೀದಿಗೆಲ್ಲ ಗೊತ್ತು. ಹೀಗಾಗಿ ಟಿಕೆಟ್ಟಿನವನು ಮನಸ್ಸಿನಲ್ಲೇ ಅವನ ಕೈಗೆ ಕೋಳ ತೊಡಿಸಿ ಆಗಿತ್ತು.

"ನಿಮ್ಮತ್ತಿಗೆಗೆ ವಿಮಾನದಲ್ಲಿ ಯಾವ ಸೀಟು ಅನುಕೂಲವಾಗ್ತಿತ್ತಪ್ಪ?" ಎಂದು ದೊಡ್ಡಮ್ಮ ಮಾತಿಗೆಳೆದಳು.

"ಕಿಟಕಿ ಪಕ್ಕದ್ದೇ. ಹೊರಗೆ ನೋಡ್ತಾ ಮನಸ್ಸು ಸ್ವಲ್ಪ ಹಗುರಾಗಿರೋದು," ಎಂದ ಅವನು ತಟ್ಟೆಯಿಂದ ತಲೆಯೆತ್ತದೆ.

ಅತ್ತೆ ನಿಟ್ಟುಸಿರು ಬಿಟ್ಟಳು. "ಪಾಪ, ಆ ನಿಲ್ದಾಣದ ಕುರ್ಚಿಗಳಲ್ಲಿ ಮೈ ಚಾಚೋಕೂ ಆಗಲ್ಲ. ಒಂದೊಂದರ ಮಧ್ಯೆನೂ ಕಬ್ಬಿಣದ ಕೈ. ಮೂರು ದಿನ ಹೇಗೆ ಕಳೆದಳೋ ನನ್ನ ಸೊಸೆ."

ಅಂಗಡಿಗೆ ಮರಳಿದ ದೊಡ್ಡಮ್ಮ ಬಹಳ ಹೊತ್ತು ಫೋನು ಹಿಡಿದು ಕೂತಳು. ಕೊನೆಗೂ ಆಚೆ ದಡದ ಬಂದರಿನಲ್ಲಿ ಕ್ರೇನಿನವನ ಜೊತೆಗೆ ಕೆಲಸ ಮಾಡುತ್ತಿದ್ದವನು ಸಿಕ್ಕ. ಫೋನು ಇಟ್ಟಾಗ ಅವಳ ಮುಖ ಇಳಿದುಹೋಗಿತ್ತು.

"ಮನೆಗೆ ಸುದ್ದಿ ಮುಟ್ಟಿಸಿದ್ದು ಯಾವಾಗ ಅಂತ ಒಂದೇ ಪ್ರಶ್ನೆ ಕೇಳ್ದೆ ಕಣೋ. ಕೇಳಬಾರದಿತ್ತು ಅನ್ನಿಸ್ತಿದೆ."

"ಹಾಗಾದ್ರೆ ಇಲ್ಲಿಗೇ ಬಿಟ್ಬಿಡೋಣ ದೊಡ್ಡಮ್ಮ. ನನ್ನನ್ನ ಬೈಕೊಂಡಿರಲಿ."

"ಅವಳು ನಿನ್ನ ಬೈಕೊಂಡೇ ಸತ್ತರೂ ನನಗೆ ಚಿಂತೆ ಇರಲಿಲ್ಲ. ಆದ್ರೆ ಗಂಡ ತನಗಾಗಿ ಕಾದು ಕಾದು ಸತ್ತ ಅಂತ ಅವಳು ಕೊರಗ್ತಿದ್ದಾಳೆ. ಅದು ಸುಳ್ಳು."

ಮರುದಿನ ಬೆಳಗಿನ ವ್ಯಾಪಾರ ಮುಗಿದ ಮೇಲೆ ಎಲ್ಲರೂ ಬೇಕರಿಯ ಹಿಂದಿನ ಕೋಣೆಯಲ್ಲಿ ಹಿಟ್ಟು ನಾದುವ ಮೇಜಿನ ಸುತ್ತ ಕೂತರು. ಒಲೆ ಇನ್ನೂ ಆರಿರಲಿಲ್ಲ. ಮೈದುನ ಮಾತ್ರ ಬಾಗಿಲಿಗೆ ಒರಗಿ ನಿಂತಿದ್ದ.

"ಕರೆ ಈ ಬೇಕರಿಯಿಂದಲೇ ಹೋಗಿದೆ," ಎಂದು ದೊಡ್ಡಮ್ಮ ಶುರುಮಾಡಿದಳು. "ಮಾಡಿದೋರಿಗೆ ಉತ್ತರದ ನಿಲ್ದಾಣದಲ್ಲಿ ತಡೀತಾರೆ ಅಂತ ಗೊತ್ತಿತ್ತು. ಎಚ್ಚರಿಸಿದ್ರೂ ಬಿಡಲಿಲ್ಲ. ಇಷ್ಟು ಕೇಳಿದ್ರೆ ಯಾರೋ ಹಗೆಯವರು ಅನ್ಸುತ್ತೆ. ಆದ್ರೆ ಹಗೆಯವರು ಯಾರಾದ್ರೂ ಮೊಣಕಾಲು ನೋವಿಗೆ ಅಂತ ಸೀಟು ಕೇಳಿ ಇಡ್ತಾರಾ?"

ಮೈದುನ ಬೆಚ್ಚಿ ನೋಡಿದ. "ಅತ್ತಿಗೆ, ನಿಮಗೆ ಮೊಣಕಾಲು ನೋವಿದೆಯಾ?"

"ನೋಡಿ, ಇವನಿಗೆ ಅದೂ ಗೊತ್ತಿಲ್ಲ. ಕಿಟಕಿ ಸೀಟು ಅಂದೋನು ಇವನು. ಇನ್ನು ಆ ಕೈಚೀಲ. ಸಂಜೆಗೆ ಇನ್ನೊಂದು ವಿಮಾನ ಹತ್ತೋಳಿಗೆ ಟವೆಲು, ಸೋಪು, ಅಷ್ಟೊಂದು ಮಾತ್ರೆ ಕೈಯಲ್ಲೇ ಯಾಕೆ ಬೇಕು? ಪೆಟ್ಟಿಗೆ ಕೈಗೆ ಸಿಗಲ್ಲ, ತಣ್ಣಗಿರೋ ಜಾಗದಲ್ಲಿ ದಿನಗಟ್ಟಲೆ ಕೂರಬೇಕಾಗುತ್ತೆ ಅಂತ ಗೊತ್ತಿದ್ದೋರು ತುಂಬಿದ ಚೀಲ ಅದು. ಅಮ್ಮಾ, ಅಲ್ಲಿನ ಕುರ್ಚಿಗಳ ಮಧ್ಯೆ ಕಬ್ಬಿಣದ ಕೈ ಇದೆ ಅಂತ ನಿನ್ನೆ ನಿಮ್ಮತ್ತೆ ಅಂದ್ರು, ಅದನ್ನ ನೀನು ಮನೇಲಿ ಹೇಳಿದ್ಯಾ?"

"ಬಂದಾಗಿಂದ ನಾನು ಬಾಯೇ ಬಿಟ್ಟಿಲ್ಲ," ಎಂದಳು ಬೇಕರಿಯಕ್ಕ. ಹಾಗೆನ್ನುತ್ತಲೇ ಅವಳ ಕಣ್ಣು ನಿಧಾನವಾಗಿ ಅತ್ತೆಯ ಕಡೆ ಹೊರಳಿತು.

ಮುದುಕಿ ತಲೆ ತಗ್ಗಿಸಿದಳು. "ಮಗನ ಹತ್ರ ಹೋಗಿ ಬರೋವಾಗ ನನ್ನನ್ನೂ ಅಲ್ಲಿ ತಡೆದು ಕೂರಿಸಿದ್ರು. ಅನುಮತಿ ಇಲ್ಲದೋರನ್ನ ಬಂದ ದಾರೀಲೇ ಅಟ್ತಾರೆ ಅಂತ ಆಗಲೇ ಗೊತ್ತಾಗಿದ್ದು. ನನಗೆ ಅವನು ಹೇಗೋ ಅನುಮತಿ ತರಿಸಿಕೊಟ್ಟ."

"ಯಾಕೆ ಅತ್ತೆ?" ಬೇಕರಿಯಕ್ಕ ಕೇಳಿದಳು.

ಉತ್ತರ ಕೊಟ್ಟವಳು ದೊಡ್ಡಮ್ಮ. "ನೀನು ಹೊರಡೋ ಮುಂಚೆನೇ ನಿನ್ನ ಗಂಡ ತೀರಿಕೊಂಡಿದ್ದನಮ್ಮ. ಅವನ ಜೊತೆಗಾರ ಈ ಫೋನಿಗೇ ಸುದ್ದಿ ಹೇಳಿದ. ಎತ್ತಿದ್ದು ನಿಮ್ಮತ್ತೆ. ಟಿಕೆಟ್ ಬದಲಾಗಿದ್ದು ಅದಾದ ಮೇಲೆ. ಯಾವ ನಿಲ್ದಾಣದ ಮೇಲೆ ಹೋಗಿದ್ರೂ ನಿನಗೆ ಅವನು ಜೀವಂತ ಸಿಗ್ತಿರಲಿಲ್ಲ."

ಟಿಕೆಟ್ಟಿನವನು ಕಣ್ಣು ಮುಚ್ಚಿಕೊಂಡ. ತಪ್ಪು ತನ್ನದಲ್ಲವೆಂದು ಎಲ್ಲರ ಎದುರು ಸಾಬೀತಾಗಿತ್ತು, ಅದರಿಂದ ಎದೆಯ ಭಾರ ಒಂದಿಷ್ಟೂ ಇಳಿಯಲಿಲ್ಲ.

"ಪೂರ್ತಿ ಹೇಳಿ," ಎಂದಳು ಬೇಕರಿಯಕ್ಕ.

"ಹೆಂಡತಿ ಹೊರಟಿದ್ದಾಳೆ ಅಂತ ಬಂದರಿನವರು ಹೆಣ ಇಟ್ಕೊಂಡು ಕಾದ್ರು. ಇವರು ಫೋನಲ್ಲಿ, ಅವಳು ಬರೋಕಾಗಲ್ಲ, ಮಣ್ಣು ಮಾಡಿ ಅಂದ್ಮೇಲೆ ಮಾಡಿದ್ರು. ನೀನು ಆ ಹೊತ್ತಲ್ಲಿ ನಿಲ್ದಾಣದಲ್ಲಿ ಕೂತಿದ್ದೆ."

ಮೈದುನ ಗೋಡೆಗೆ ಮುಖ ತಿರುಗಿಸಿದ. ಬೇಕರಿಯಕ್ಕ ಅಳಲಿಲ್ಲ. "ಅಲ್ಲಿ ಕೂತ್ಕೊಂಡು, ಇನ್ನೊಂದು ದಿನ ತಡ್ಕೊಳ್ಳಿ, ಬಂದೇಬಿಡ್ತೀನಿ ಅಂತ ಅವರಿಗೆ ಹೇಳ್ತಾನೇ ಇದ್ದೆ," ಎಂದಳು. "ಯಾರಿಗೆ ಹೇಳ್ತಿದ್ದೆ ಅತ್ತೆ ನಾನು?"

"ಹೊಡಿ ನನ್ನ, ಹೊಡೆದ್ಬಿಡು," ಮುದುಕಿ ಗೋಳೋ ಎಂದಳು. "ಹೊತ್ತು ಹೆತ್ತ ಮಗ ಹೋದ. ನೀನೂ ಅಲ್ಲಿಗೆ ಹೋದ್ರೆ ಅವನ ಮಣ್ಣು ಬಿಟ್ಟು ವಾಪಸ್ ಬರ್ತಿರಲಿಲ್ಲ. ನನಗೆ ನಿನ್ನ ಬಿಟ್ರೆ ಯಾರಿದ್ದಾರೆ? ಈ ಚಿಕ್ಕವನು ನನ್ನ ಹತ್ರ ನೆಟ್ಟಗೆ ಮಾತೂ ಆಡಲ್ಲ. ಬಾಯಿಬಿಟ್ಟು ಹೇಳೋ ಧೈರ್ಯನೂ ಬರಲಿಲ್ಲ, ಕಳಿಸೋ ಧೈರ್ಯನೂ ಬರಲಿಲ್ಲ. ಆ ನಿಲ್ದಾಣದವರೆಗೆ ಹೋಗಿ ನನ್ನ ಹತ್ರಾನೇ ವಾಪಸ್ ಬರ್ತೀಯ ಅಂದ್ಕೊಂಡೆ."

ದೊಡ್ಡಮ್ಮ ಏಳಲು ಮೇಜು ಹಿಡಿದಳು. ಆಗ ಬೇಕರಿಯಕ್ಕ ಟಿಕೆಟ್ಟಿನವನ ಕಡೆ ತಿರುಗಿದಳು.

"ತಪ್ಪು ತಿಳ್ಕೋಬೇಡ ತಮ್ಮಾ. ನಂಗೊಂದು ಟಿಕೆಟ್ ಮಾಡ್ಕೊಡು."

ಅವನು ಜೇಬಿನಿಂದ ಪೆನ್ನು ತೆಗೆದ. "ದಕ್ಷಿಣದ ನಿಲ್ದಾಣದ ಮೇಲೇನಾ ಅಕ್ಕಾ?"

"ಯಾವುದಾದ್ರೂ ಆದೀತು. ಇನ್ನೇನು ಅವಸರ."

"ವಾಪಸ್ ಯಾವತ್ತಿಗೆ?" ದಿನವೂ ಕೇಳಿ ಕೇಳಿ ರೂಢಿಯಾದ ಪ್ರಶ್ನೆ ಬಾಯಿಂದ ಜಾರಿಬಿಟ್ಟಿತು.

"ವಾಪಸ್ ಬೇಡ."

ಮುದುಕಿ ಸೊಸೆಯ ಕೈ ಹಿಡಿಯಲು ಮೇಜಿನ ಮೇಲೆ ಕೈ ಚಾಚಿದಳು. ಬೇಕರಿಯಕ್ಕ ಎದ್ದು, ಒದ್ದೆ ಬಟ್ಟೆ ತಂದು, ಆ ಕೈಯ ಸುತ್ತ ಬಿದ್ದಿದ್ದ ಹಿಟ್ಟನ್ನು ಒರೆಸತೊಡಗಿದಳು.