ಚೀಲದ ಮೇಲಿಟ್ಟ ಕೈ

"ಏನ್ರೀ ಇದು? ನನ್ನ ಪ್ಯಾರಾಶೂಟಿಗೆ ಮಂತ್ರ ಹಾಕ್ತಿದೀರಾ?"

ಅವನು ಅವಳೊಂದಿಗೆ ಆಡಿದ ಮೊದಲ ಮಾತೇ ಅದು!

ಉದ್ದನೆಯ ಮೇಜು. ಅದರ ಮೇಲೆ ಆಗಷ್ಟೇ ಮಡಿಸಿ ತುಂಬಿದ ಪ್ಯಾರಾಶೂಟಿನ ಚೀಲ. ಚೀಲದ ಮೇಲೆ ಅವಳ ಬಲಗೈ. ಕಣ್ಣು ಮುಚ್ಚಿದ್ದವಳು ಬೆಚ್ಚಿಬಿದ್ದು ನೋಡಿದಳು. ವಿಮಾನದಿಂದ ಜಿಗಿಯುವುದನ್ನು ಕಲಿಸಲು ಅಂದೇ ಕೆಲಸಕ್ಕೆ ಸೇರಿದ್ದ ಹೊಸ ಮಾಸ್ಟರ್ ಬಾಗಿಲಲ್ಲಿ ನಿಂತಿದ್ದ.

"ಮಂತ್ರ ನನಗೆ ಬರಲ್ಲ. ಬರೋದು ಒಂದೇ ಮಾತು... 'ಇದೀಯಲ್ಲಾ, ನೋಡ್ಕೋ.'"

"ಯಾರಿಗೆ ಹೇಳೋದು?"

"ಹೆಸರು ಗೊತ್ತಿಲ್ಲ."

"ಭೇಷ್! ಹೆಸರೇ ಗೊತ್ತಿಲ್ಲದವರ ಕೈಗೆ ನನ್ನ ಜೀವ ಒಪ್ಪಿಸ್ತಿದೀರಾ?"

"ನಿಮ್ಮ ಹೆಸರೂ ನನಗೆ ಗೊತ್ತಿಲ್ಲ. ಆದ್ರೂ ಬೆಳಗ್ಗೆಯಿಂದ ಬೆನ್ನು ಬಗ್ಗಿಸಿ ನಿಮಗೋಸ್ಕರ ಮಡಿಸ್ತಿದೀನಲ್ಲ!"

ಅವನು ತಿರುಗಿ ಹೊರಟ. ಜಂಬದ ಮನುಷ್ಯ ಅಂದುಕೊಂಡಳು. ಸಂಜೆ ಅದೇ ಜಂಬದ ಮನುಷ್ಯ ಎರಡು ಲೋಟ ಚಹಾ ಹಿಡಿದು ಬಂದು, "ತಪ್ಪಾಯ್ತು ಮೇಡಂ" ಅಂದ.

ಹಾಗೆ ಶುರುವಾಗಿದ್ದು. ಮೂರು ತಿಂಗಳಲ್ಲಿ ಆ ಚಹಾ ಇಲ್ಲದೆ ಅವಳಿಗೆ ಸಂಜೆಯೇ ಆಗದಂತಾಯಿತು.

ಅವಳು ತನ್ನ ಕಥೆ ಹೇಳಿಕೊಂಡಳು. ಅಪ್ಪನ ಮನೆಯ ದೇವರೇ ಬೇರೆ, ಅಮ್ಮನ ಮನೆಯ ದೇವರೇ ಬೇರೆ. ಇಬ್ಬರೂ ಮೆಚ್ಚಿ ಮದುವೆಯಾದಾಗ ಎರಡೂ ಮನೆಗಳು ಬಾಗಿಲು ಹಾಕಿಕೊಂಡವು. ಅಮ್ಮ ತೀರಿಕೊಂಡ ದಿನ ಪ್ರಾರ್ಥನೆ ಹೇಳಲು ಯಾವ ಕಡೆಯವರೂ ಬರಲಿಲ್ಲ. ಹೊಸ್ತಿಲು ದಾಟಿ ಬಂದವರು ಈಗ ಈ ಜಿಗಿತದ ಶಾಲೆ ನಡೆಸುವ ದೊಡ್ಡಪ್ಪ ಒಬ್ಬರೇ. ಹನ್ನೊಂದು ವರ್ಷದ ಹುಡುಗಿ ತಾನೇ ಅಮ್ಮನ ಹಣೆಯ ಮೇಲೆ ಕೈಯಿಟ್ಟು, "ಇದೀಯಲ್ಲಾ, ನೋಡ್ಕೋ" ಅಂದಿದ್ದಳು. ಯಾರೋ ಕೇಳಿಸಿಕೊಂಡರು ಅನ್ನಿಸಿತ್ತು. ಆ ನಂಬಿಕೆಗೆ ಗುಡಿ ಗೋಪುರ ಏನೂ ಇರಲಿಲ್ಲ. ಅವಳ ಅಂಗೈ ಅಗಲದಷ್ಟು ಜಾಗ ಸಾಕಾಗಿತ್ತು.

"ನನ್ನ ತಂಗಿ ಜ್ವರದಲ್ಲಿ ಮಲಗಿದ್ದಾಗ ನಮ್ಮಮ್ಮ ತಟ್ಟದ ದೇವರ ಬಾಗಿಲಿಲ್ಲ," ಅಂದ ಅವನು. "ಒಂದೂ ತೆರೀಲಿಲ್ಲ, ತಂಗಿ ಉಳೀಲಿಲ್ಲ. ಅವತ್ತಿಂದ ನಾನು ಕೇಳೋದೇ ಬಿಟ್ಟೆ."

ಅವಳು ವಾದ ಮಾಡಲಿಲ್ಲ. ಆದರೆ ಅವಳ ಕೈ ಚೀಲದ ಮೇಲಿರುವಾಗ ಅವನು ಬಾಗಿಲಲ್ಲೇ ಸದ್ದಿಲ್ಲದೆ ಕಾಯುವುದನ್ನು ಕಲಿತಿದ್ದ. ಇವನು ನನ್ನವನು ಅಂತ ಅವಳ ಮನಸ್ಸು ತೀರ್ಮಾನಿಸಿದ್ದು ಆಗಲೇ.

ಇವತ್ತು ಬೆಳಗ್ಗೆ ಎಲ್ಲ ಕೆಟ್ಟುಹೋಯಿತು.

ಕಲಿಯುವವರ ಗುಂಪಿಗೆ ಅವನು ಹೇಳುತ್ತಿದ್ದ ಮಾತು ಕಿಟಕಿಯಿಂದ ಅವಳ ಕಿವಿಗೆ ಬಿತ್ತು. "ನಿಮ್ಮನ್ನ ಉಳಿಸೋದು ಪ್ರಾರ್ಥನೆ ಅಲ್ಲ..." ಗುಂಪು ಘೊಳ್ಳೆಂದು ನಕ್ಕಿತು. ಮುಂದಿನದನ್ನು ಅವಳು ಕೇಳಿಸಿಕೊಳ್ಳಲಿಲ್ಲ.

ನನ್ನನ್ನೇ ಆಡಿಕೊಂಡು ನಗಿಸ್ತಿದಾನೆ! ಅಮ್ಮನ ಹಣೆಯ ವಿಷಯ ಹೇಳಿದ್ದೆ ಇವನಿಗೆ... ಇವನಿಗೆ!

ಅವನು ಒಳಗೆ ಬಂದಾಗ ಅವಳು ತಲೆ ಎತ್ತಲಿಲ್ಲ. "ಇನ್ಮೇಲೆ ನಿಮ್ಮ ಚೀಲದ ಮೇಲೆ ಕೈ ಇಡಲ್ಲ, ಮಾಸ್ಟರ್. ಹೊರಗೆ ಹೋಗಿ."

"ಅಯ್ಯೋ, ಪೂರ್ತಿ ಕೇಳಿ..."

"ಹೋಗಿ ಅಂದೆ!"

ಅವನು ಮೇಜಿನ ಹತ್ತಿರ ಒಂದು ಕ್ಷಣ ನಿಂತು ಹೊರಟುಹೋದ. ಅವಳು ಕಣ್ಣೊರೆಸಿಕೊಳ್ಳುತ್ತ ಚೀಲ ಮುಚ್ಚಿ, ಚೀಟಿಗೆ ಸಹಿ ಹಾಕಿ, ಹೊರಗಿನ ಕಟ್ಟೆಯ ಮೇಲಿಟ್ಟು ಬಂದಳು. ಗಾಳಿ ಹೇಗಿದೆ ನೋಡಲು ದಿನದ ಮೊದಲ ಜಿಗಿತ ಅವನದೇ.

ವಿಮಾನ ಏರಿದ ಸದ್ದು ಕೇಳಿತು. ಅವಳು ಮೇಜು ಸರಿಮಾಡಲು ತಿರುಗಿದಳು.

ಮೇಜಿನ ತುದಿಯ ಕೆಂಪು ಬಟ್ಟೆಯ ಮೇಲೆ ಮಡಿಸಲು ಬಳಸುವ ಏಳು ಸಾಮಾನು ಯಾವಾಗಲೂ ಇರಬೇಕು. ಸಹಿಗೆ ಮುಂಚೆ ಎಣಿಸಬೇಕು. ಒಂದು ಕಡಿಮೆಯಾದರೂ ಅದು ಯಾವುದೋ ಚೀಲದೊಳಗೆ ಉಳಿದಿದೆ ಎಂದು ಲೆಕ್ಕ. ಮಡಿಸಿದ್ದನ್ನೆಲ್ಲ ಬಿಚ್ಚಬೇಕು. ಅಲ್ಲಿಯ ಮೊದಲ ನಿಯಮವೇ ಅದು.

ಎಣಿಸಿದಳು... ಆರು! ಮತ್ತೆ ಎಣಿಸಿದಳು... ಆರೇ!

ಹಗ್ಗ ಬಿಡಿಸುವ ಕಬ್ಬಿಣದ ಕೊಕ್ಕೆ ಇರಲಿಲ್ಲ.

ನಾನು ಎಣಿಸಲೇ ಇಲ್ಲ... ಏಳು ವರ್ಷದಲ್ಲಿ ಒಂದು ದಿನವೂ ತಪ್ಪಿಸದವಳು! ಯಾಕೆ ಮರೆತೆ?

ಯಾಕೆ ಅನ್ನುವುದು ಆಗ ಹೊಳೆಯಿತು. ಪ್ರತಿದಿನ ಕೈಯಿಟ್ಟು, ಕಣ್ಣು ಮುಚ್ಚಿ, ಒಂದು ಉಸಿರು ಎಳೆದು, ಕಣ್ಣು ತೆರೆದ ಮೇಲೇ ಅವಳು ಎಣಿಸುತ್ತಿದ್ದಳು. ಇವತ್ತು ಸಿಟ್ಟಿನಲ್ಲಿ ಕೈ ಇಡಲಿಲ್ಲ. ಕೈ ಇಡದೆ ಎಣಿಕೆಯೂ ನೆನಪಾಗಲಿಲ್ಲ.

ಬರಿಗಾಲಲ್ಲೇ ಓಡಿದಳು.

"ದೊಡ್ಡಪ್ಪಾ! ಅವರನ್ನ ಜಿಗೀಬೇಡಿ ಅನ್ನಿ! ಚೀಲದಲ್ಲಿ ಕೊಕ್ಕೆ ಇದೆ!"

ರೇಡಿಯೋ ಮುಂದೆ ಕೂತಿದ್ದ ದೊಡ್ಡಪ್ಪನ ಮುಖ ಬಿಳಿಚಿತು. "ಬೆನ್ನಿಗೆ ಎರಡನೇ ಪ್ಯಾರಾಶೂಟೂ ಇರುತ್ತಲ್ಲ, ಪುಟ್ಟಿ..."

"ಅದನ್ನೂ ಇವತ್ತು ನಾನೇ ಮಡಿಸಿದ್ದು! ಯಾವುದರಲ್ಲಿ ಸಿಕ್ಕಿದೆಯೋ... ಬೇಗ!"

ದೊಡ್ಡಪ್ಪ ಗುಂಡಿ ಒತ್ತಿ ಕೂಗಿದರು. ಗರಗರ ಸದ್ದಿನ ನಡುವೆ ಪೈಲಟ್ ಧ್ವನಿ ಬಂತು. "ಈಗಷ್ಟೇ ಜಿಗಿದ್ರು."

ಅವಳು ಬಯಲಿಗೆ ಬಂದು ನೋಡಿದಳು. ಬಿಸಿಲಿನ ಆಕಾಶದಲ್ಲಿ ಒಂದು ಕಪ್ಪು ಚುಕ್ಕೆ. ಬೀಳುತ್ತಿತ್ತು.

ಇದೀಯಲ್ಲಾ... ಇದೀಯಾ? ಬೆಳಗ್ಗೆ ನಿನ್ನ ಕರೀಲಿಲ್ಲ, ಕೋಪ ಮಾಡ್ಕೋಬೇಡ. ತಪ್ಪು ನನ್ನದು. ನನ್ನ ಕೈ ಬೇಕಾದ್ರೆ ತಗೋ... ಅವನನ್ನ ಬಿಡು!

ಬಟ್ಟೆ ಹೊರಬಂತು. ಬಿಚ್ಚಿಕೊಳ್ಳಲಿಲ್ಲ! ಹಗ್ಗಗಳು ಒಂದಕ್ಕೊಂದು ಸುತ್ತಿಕೊಂಡು ಅವನು ಗಿರಗಿರ ತಿರುಗತೊಡಗಿದ. ಅವಳು ಮಂಡಿಯೂರಿ ಬರಿ ನೆಲದ ಮೇಲೆ ಅಂಗೈ ಒತ್ತಿ ಹಿಡಿದಳು. ನೋಡ್ಕೋ... ನೋಡ್ಕೋ... ನೋಡ್ಕೋ...

"ಬಿಚ್ಚಿತು ಪುಟ್ಟಿ! ಬಿಚ್ಚಿತು!" ದೊಡ್ಡಪ್ಪ ಅಳುತ್ತಿದ್ದರು.

ಬೇಲಿಯ ಆಚೆ ಇಳಿದವನ ಬಳಿಗೆ ಅವಳು ಎದ್ದುಬಿದ್ದು ಓಡಿದಳು. ಅವನ ತೋಳು, ಭುಜ, ಮುಖ ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. "ಕೊಕ್ಕೆ... ಚೀಲದೊಳಗೆ... ನಾನು ನಿಮ್ಮನ್ನ ಕೊಂದೇಬಿಡ್ತಿದ್ದೆ!"

ಅವನು ಮೈಮೇಲಿನ ಪಟ್ಟಿ ಬಿಚ್ಚಿಕೊಂಡ. ನಿಧಾನವಾಗಿ ಜೇಬಿಗೆ ಕೈ ಹಾಕಿ ತೆಗೆದ. ಕೊಕ್ಕೆ!

"ಹಗ್ಗ ಸುತ್ತಿಕೊಂಡಿದ್ದು ಗಾಳಿಗೆ, ಒದ್ದು ಬಿಡಿಸ್ಕೊಂಡೆ. ಕೊಕ್ಕೆ ಬೆಳಗ್ಗೆ ಮೇಜಿನಿಂದ ನಾನೇ ಎತ್ಕೊಂಡಿದ್ದೆ. ಎಣಿಸುವಾಗ ಒಂದು ಕಡಿಮೆ ಬರುತ್ತೆ, ಬೈಯೋಕಾದ್ರೂ ನನ್ನ ಹುಡುಕಿಕೊಂಡು ಬರ್ತೀರಿ, ಆಗ ಮಾತಾಡೋಣ ಅಂತ... ವಿಮಾನದ ಪಕ್ಕ ಕಾದೆ. ನೀವು ಬರಲೇ ಇಲ್ಲ. ಚೀಟಿಯಲ್ಲಿ ಸಹಿ ಇತ್ತು. ಎಣಿಸಿದೀರಿ, ಕೊಕ್ಕೆ ನನ್ನ ಹತ್ರ ಇದೆ ಅಂತ ಗೊತ್ತಾಗಿಯೂ ಬರಲಿಲ್ಲ, ಅಷ್ಟು ಕೋಪ ಅಂದ್ಕೊಂಡೆ. ನೀವು ಎಣಿಸದೆ ಇರ್ತೀರಿ ಅಂತ ಕನಸಲ್ಲೂ..."

ಛಟೀರ್! ಅವಳು ಅವನ ಕೆನ್ನೆಗೆ ಬಾರಿಸಿದಳು. ಮರುಕ್ಷಣ ಅವನ ಎದೆಗೆ ಒರಗಿ ಬಿಕ್ಕಿಬಿಕ್ಕಿ ಅತ್ತಳು.

"ಇನ್ನೊಂದು ಬಾರಿಸಿ, ತಪ್ಪು ನನ್ನದೇ," ಅಂದ. "ಬೆಳಗ್ಗೆ ಅವರಿಗೆ ಹೇಳ್ತಿದ್ದಿದ್ದು ಇಷ್ಟು... ನಿಮ್ಮನ್ನ ಉಳಿಸೋದು ಪ್ರಾರ್ಥನೆ ಅಲ್ಲ, ಪ್ರಾರ್ಥನೆ ಮಾಡಿ ಎಣಿಸೋ ಆ ಹುಡುಗಿಯ ಕೈ."

ಅವಳಿಗೆ ತಲೆ ಎತ್ತಲಾಗಲಿಲ್ಲ. "ಇವತ್ತು ಆ ಕೈ ಎಣಿಸಲಿಲ್ಲ. ದೊಡ್ಡಪ್ಪನಿಗೆ ಬರೆದುಕೊಡ್ತೀನಿ. ಕೆಲಸ ಹೋದ್ರೂ ಸರಿ."

"ನನ್ನದನ್ನೂ ಸೇರಿಸಿ ಬರೀರಿ. ಇಬ್ಬರೂ ಒಟ್ಟಿಗೆ ಬೈಸಿಕೊಳ್ಳೋಣ." ಅವನು ಆಕಾಶದತ್ತ ನೋಡಿದ. "ಮೇಲೆ ತಿರುಗುವಾಗ... ನಾನೂ ಅಂದೆ. 'ಇದೀಯಲ್ಲಾ, ನೋಡ್ಕೋ.' ಯಾರಿಗೆ ಅಂದೆನೋ ಗೊತ್ತಿಲ್ಲ. ಈಗಲೂ ನಂಬಿದೀನಿ ಅನ್ನಲಾರೆ. ಆದ್ರೆ ನಾನೊಬ್ಬನೇ ಇರಲಿಲ್ಲ ಅನ್ನಿಸ್ತು."

"ತಂಗಿಯ ವಿಷಯ?"

"ಆ ಸಿಟ್ಟು ಹೋಗಲ್ಲ. ಜಗಳ ಆಡೋಕಾದ್ರೂ ಇನ್ಮೇಲೆ ನಿಮ್ಮ ಆ ಹೆಸರಿಲ್ಲದವನ ಹತ್ರ ಮಾತಾಡ್ತೀನಿ." ಅವಳ ಕೈಯನ್ನು ತನ್ನ ಎದೆಯ ಮೇಲೆ ಇಟ್ಟುಕೊಂಡ. "ಬೆಳಗ್ಗೆ ಬಾಕಿ ಉಳಿದಿತ್ತಲ್ಲ... ಇಡಿ. ಜೀವನಪೂರ್ತಿ ಇಡ್ತೀರಾ?"

ಎದೆ ಇನ್ನೂ ಡವಡವ ಹೊಡೆದುಕೊಳ್ಳುತ್ತಿತ್ತು. ಅವಳು ಕಣ್ಣು ಮುಚ್ಚಿ ಒಂದು ಉಸಿರು ಎಳೆದುಕೊಂಡಳು.

"ಇದೀಯಲ್ಲಾ..."

"ಇದೀನಿ."

ಅವಳು ಅಳುತ್ತಲೇ ನಕ್ಕಳು. "ನಿಮಗಲ್ಲ ಹೇಳಿದ್ದು!"

"ಗೊತ್ತು. ಆದ್ರೂ ಯಾರಾದ್ರೂ ಓಗೊಡಬೇಕಲ್ಲ."